ಸಡಿಲವಾಗದ ಬೆಂಜೀನ್

ಚನ್ನಪಟ್ಟಣದ ಖಲಂದರ್ ಸಾಬರು ಮಾಡಿದ ಬೊಂಬೆ ಮುರಿದದ್ದನ್ನು ಕಂಡವರಿಲ್ಲ. ಅವರ ಮರದ ಕುದುರೆಯೊಂದು ಒಮ್ಮೆ ಮೈಸೂರು ಪ್ಯಾಸೆಂಜರಿನ ಗಾಲಿಗೆ ಸಿಕ್ಕಿ, ಎಂಜಿನ್ನನ್ನು ಮೂರು ದಿನ ರಿಪೇರಿಗೆ ನಿಲ್ಲಿಸಬೇಕಾಯಿತು. ಕುದುರೆಗೆ ಬಾಲದ ಹತ್ತಿರ ಕೊಂಚ ಬಣ್ಣ ಹೋಗಿತ್ತು, ಅಷ್ಟೆ. ಆಲೆಮರವನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಹಿಡಿಸಿ, ತೂತಿಗೆ ಗೂಟ ಜಡಿದರೆಂದರೆ ಮುಗಿಯಿತು. ಅವರ ಅಪ್ಪನಂತೂ ಸಾಯುವ ಮುಂಚೆ ಮಂಚದ ಕಾಲು ಅಲ್ಲಾಡಿಸಿ ನೋಡಿಯೇ ಪ್ರಾಣ ಬಿಟ್ಟವರು.

ಇಂಥವರ ಬಳಿಗೆ, ಎಪ್ಪತ್ತರ ದಶಕದಲ್ಲಿ, ಊರಿನ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಮುನಿಶಾಮಯ್ಯ ಸಡಿಲವಾದ ಬೊಂಬೆ ಕೇಳಿಕೊಂಡು ಬಂದರು. ಹನ್ನೊಂದು ವರ್ಷದಿಂದ ಅವರು ಡಾಕ್ಟರೇಟಿಗೆಂದು ಒಂದೇ ವಿಷಯಕ್ಕೆ ಜೋತುಬಿದ್ದಿದ್ದರು: ವಿಕಿರಣಶೀಲ ಪರಮಾಣು ಹುಟ್ಟುವಾಗಲೇ ಒದೆ ತಿಂದು ಹಾರುತ್ತದೆ, ಬೆಂಜೀನ್ ಎಂಬ ಆರು ಮೂಲೆಯ ಉಂಗುರಕ್ಕೆ ಗುದ್ದುತ್ತದೆ, ಅಲ್ಲಿರುವ ಹೈಡ್ರೋಜನ್ ಒಂದನ್ನು ಓಡಿಸಿ ಆ ಜಾಗದಲ್ಲಿ ತಾನು ಕೂರುತ್ತದೆ.

"ಬಸ್ಸಲ್ಲಿ ಸೀಟು ಹಿಡ್ದಂಗೆ ಅನ್ನಿ," ಎಂದರು ಸಾಬರು.

"ಹೂಂ. ಕೆಲವು ಸಲ ಬಸ್ಸೇ ಮುರ್ದೋಯ್ತದೆ."

"ಹಂಗಾದ್ರೆ ಕನಕಪುರದ ಬಸ್ಸೇ ಬುಡಿ."

"ತಮಾಷೆ ಅಲ್ಲ ಸಾಬ್ರೇ. ಸೋಮವಾರ ಪರೀಕ್ಷಕರ ಮುಂದೆ ತೋರಿಸ್ಬೇಕು. ಉಂಗುರ ಮರದಲ್ಲಿ ಮಾಡಿ, ಹೈಡ್ರೋಜನ್ ಅಂತ ಬಿಳೀ ಗುಂಡು ಸಿಕ್ಸಿ; ಸ್ಪ್ರಿಂಗಿಂದ ಹಾರೋ ಕೆಂಪು ಗುಂಡು ಬಡಿದ್ರೆ ಬಿಳೀ ಗುಂಡು ಬಿದ್ದೋಗ್ಬೇಕು. ಇಲ್ದಿದ್ರೆ ನಾನು ಬರೀ ಮೇಷ್ಟ್ರಾಗೇ ಸಾಯ್ತೀನಿ."

ಸಾಬರು ಒಲ್ಲೆ ಎಂದು ತಲೆಯಾಡಿಸಿದರು. ಒಳಗಿನಿಂದ ಹೆಂಡತಿ ರೋಶನ್ ಬೀ ಗದರಿದಳು: "ಅವ್ರ ಹನ್ನೊಂದು ವರ್ಷ ನೀರಿಗೆ ಹೋಯ್ತದೆ ಕಣ್ರೀ. ಒಂದು ಗೂಟ ಸಡಿಲ ಆದ್ರೆ ನಿಮ್ಮ ಮೂಗೇನು ಉದುರೋಗಲ್ಲ!"

ಬಾಯಿ ಒಪ್ಪಿತು, ಕೈ ಒಪ್ಪಬೇಕಲ್ಲ. ಕೊನೆಯ ಹೊಳಪು ಕೊಡುವಾಗ ಅಭ್ಯಾಸಬಲದಿಂದ ಪ್ರತಿ ಗೂಟಕ್ಕೂ ಕೊಡತಿಯ ಏಟೊಂದು ಬಿದ್ದೇಹೋಯಿತು.

ಸೋಮವಾರ ಬೆಂಗಳೂರಿನಲ್ಲಿ, ಬೊಂಬೆ ಹೊತ್ತು ಜೊತೆಗೆ ಬಂದಿದ್ದ ಸಾಬರ ಎದುರಿಗೇ, ಮೇಷ್ಟ್ರು ಸ್ಪ್ರಿಂಗ್ ಬಿಟ್ಟರು. ಕೆಂಪು ಗುಂಡು ಹಾರಿತು, ಬಡಿಯಿತು, ಹಿಂದಿರುಗಿ ಪರೀಕ್ಷಕರ ಕಾಫಿ ಲೋಟ ಕೆಡವಿತು. ಎರಡನೆಯ ಸಲ ಕಿಟಕಿಯ ಗಾಜು ಹೋಯಿತು. ಮೂರನೆಯ ಸಲ ಪರೀಕ್ಷಕರು ಮೇಜಿನ ಕೆಳಗಿನಿಂದಲೇ ಕೇಳಿದರು: "ಏನ್ರೀ, ನಿಮ್ಮ ಥೀಸಿಸ್ ಪ್ರಕಾರ ಯಾರೂ ಸೀಟು ಬಿಡೋದಿಲ್ವೇನು?"

ಮೇಷ್ಟ್ರ ಮುಖ ಸುಣ್ಣದ ಗೋಡೆಯಾಗಿತ್ತು. ಸಾಬರು ಅದನ್ನು ನೋಡಿದರು, ತಮ್ಮ ಗೂಟವನ್ನೂ ನೋಡಿದರು.

"ಒಸಿ ತಡೀರಿ ಸ್ವಾಮಿ."

ಬಿಳೀ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಮೊದಲು ಹಲ್ಲು ಬಂತು, ಆಮೇಲೆ ಗೂಟ. ತೂತನ್ನು ಉಗುರಿನಿಂದ ಕೆರೆದು, ಗುಂಡನ್ನು ಮೆಲ್ಲಗೆ ಸಿಕ್ಕಿಸಿಟ್ಟು, ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಮೇಷ್ಟ್ರು ಮತ್ತೆ ಸ್ಪ್ರಿಂಗ್ ಬಿಟ್ಟರು. ಬಿಳಿಯದು ಬಿದ್ದ ಸದ್ದು ಸಾಬರಿಗೆ ಕೇಳಿಸಿತು, ಮುನಿಶಾಮಯ್ಯ ಡಾಕ್ಟರಾದರು.

ಹೊಸ ಡಾಕ್ಟರು ಆ ಉಂಗುರವನ್ನು ಕಾಲೇಜಿನ ಲ್ಯಾಬಿನಲ್ಲಿಡಲು ಹೊರಟರು. ಸಾಬರಿಗೆ ತಡೆಯಲಾಗಲಿಲ್ಲ: ಸಡಿಲ ಮಾಲು, ಅದೂ ತಮ್ಮ ಹೆಸರಲ್ಲಿ, ಅದೂ ಚನ್ನಪಟ್ಟಣದಲ್ಲೇ! "ಒಸಿ ಪಾಲಿಶ್ ಮಾಡ್ಕೊಡ್ತೀನಿ," ಎಂದು ಸಾಬರು ಕೊಂಡೊಯ್ದು ಎರಡು ದಿನ ಇಟ್ಟುಕೊಂಡು ತಂದುಕೊಟ್ಟರು.

ಅಂದಿನಿಂದ ಆ ಕಾಲೇಜಿನ ವಿದ್ಯಾರ್ಥಿಗಳು ಕಣ್ಣಾರೆ ಕಂಡು ಪರೀಕ್ಷೆಯಲ್ಲಿ ಬರೆಯುತ್ತಾ ಬಂದಿದ್ದಾರೆ: ಬೆಂಜೀನ್ ಯಾವುದಕ್ಕೂ ಜಗ್ಗುವುದಿಲ್ಲ.