ಎಕ್ಸಿಬಿಷನ್ನಿನಲ್ಲಿ ಕೂತಿದ್ದ ಅವ್ವ

ಮೈದಾ ಹಿಟ್ಟನ್ನು ನೀರಿಗೆ ಕಲಸಿ, ಹುಳ ಬೀಳದಿರಲೆಂದು ಚೂರು ಮೈಲುತುತ್ತ ಹಾಕಿ, ಒಲೆಯ ಮೇಲೆ ತಿರುವಿದರೆ ಒಂದು ವಾಸನೆ ಬರುತ್ತದೆ. ಹುಳಿಯೂ ಅಲ್ಲ, ಸಿಹಿಯೂ ಅಲ್ಲ, ಒದ್ದೆ ಗೋಡೆಯ ಪಕ್ಕದಲ್ಲಿ ಹಿಟ್ಟು ಹುರಿದ ಹಾಗೆ. ಹೋದ ತಿಂಗಳು ಊರಿಗಾಂ ಕಾಲೇಜಿನಲ್ಲಿ ಒಂದು ಹಳೆಯ ಆಲ್ಬಮ್ಮಿನ ರಟ್ಟು ತೆರೆದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಅಂಟು ಒಣಗಿ ಪುಡಿಯಾಗಿದೆ, ವಾಸನೆ ಮಾತ್ರ ಹೋಗಿಲ್ಲ. ಆ ಅಂಟು ಕುದಿಸಿದವಳು ನನ್ನ ಅಮ್ಮ. ನನ್ನ ಮಗಳ ಮಗಳು ಪವಿತ್ರ ಈಗ ಅದೇ ಕಾಲೇಜಿನಲ್ಲಿ ಓದುತ್ತಾಳೆ. ಕಾಲೇಜಿನ ಹಳೆಯ ಫೋಟೋಗಳನ್ನೆಲ್ಲ ಹುಡುಕಿ ತೆಗೆದು ಜನರಿಗೆ ತೋರಿಸಲು ಇಡುತ್ತಿದ್ದಾರೆ, ಅದರಲ್ಲಿರುವವರು ಯಾರೆಂದು ಹೇಳುವವರು ಬೇಕು, ಬಾ ಎಂದು ಬಂಗಾರಪೇಟೆಯಲ್ಲಿ ನನ್ನನ್ನು ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿದ್ದಳು. ಅವರಿಗೆ ನನ್ನಿಂದ ಏನು ಬೇಕಿತ್ತೋ, ನನಗೆ ಬೇಕಾಗಿದ್ದು ಒಂದೇ, ಅಪ್ಪನ ತಾಯಿಯ ಮುಖ. ಅವಳನ್ನು ನಾವು ಅವ್ವ ಎನ್ನುತ್ತಿದ್ದೆವು. ಆ ಮುಖ ಕಂಡವರೆಲ್ಲ ಹೋದರು, ಉಳಿದಿರುವವಳು ನಾನೊಬ್ಬಳೇ.

ಹಿರಿಯರ ಹಬ್ಬ ಬಂದರೆ ನಮ್ಮ ಮನೆಯಲ್ಲಿ ಇದೇ ತೊಂದರೆ. ಅಮಾವಾಸ್ಯೆಯ ದಿನ ಸತ್ತವರ ಫೋಟೋಗಳನ್ನು ಸಾಲಾಗಿ ಇಟ್ಟು ಎಡೆ ಹಾಕುತ್ತೇವೆ. ಅಪ್ಪನದಿದೆ, ಅಮ್ಮನದಿದೆ, ನನ್ನ ಗಂಡನದು ಬಣ್ಣದ್ದೇ ಇದೆ. ಅವ್ವನ ಜಾಗದಲ್ಲಿ ಒಂದು ಚೊಂಬಿಗೆ ಸೀರೆಯ ತುಂಡು ಸುತ್ತಿ ಇಡುತ್ತಿದ್ದೆವು. ಮೊಮ್ಮಕ್ಕಳು ಆ ಚೊಂಬಿಗೇ ಅಡ್ಡಬಿದ್ದು ಏಳುತ್ತಿದ್ದವು. ಇದಕ್ಕೆಲ್ಲ ಕಾರಣ ಅವ್ವನೇ. ಆಗ ನಮ್ಮ ಜನಕ್ಕೆ ಫೋಟೋ ಅಂದರೆ ಸತ್ತ ಮೇಲೆ ತೆಗೆಸುವುದು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಮಂದಿಯೆಲ್ಲ ಅಕ್ಕಪಕ್ಕ ನಿಂತು ತೆಗೆಸುತ್ತಿದ್ದರು. ಅವ್ವನಿಗೆ ಅದು ಆಗುತ್ತಿರಲಿಲ್ಲ. ತನ್ನ ಮೂಗಿಗೆ ಹತ್ತಿ ತುರುಕಿ ಫೋಟೋ ತೆಗೆಸಿದರೆ ದೆವ್ವವಾಗಿ ಬರುತ್ತೇನೆ ಎಂದು ಅಪ್ಪನಿಗೆ ಮೊದಲೇ ಹೇಳಿಟ್ಟಿದ್ದಳು. ಅಪ್ಪ ಗಣಿಯ ಆಳಕ್ಕೆ ಇಳಿಯಲು ಹೆದರದ ಮನುಷ್ಯ, ಅವ್ವನಿಗೆ ಹೆದರುತ್ತಿದ್ದ. ತೆಗೆಸಲಿಲ್ಲ.

ನಮ್ಮದು ಊರಿಗಾಂನಲ್ಲಿ ಚಿನ್ನದ ಗಣಿಯವರು ಕೂಲಿಗಳಿಗೆಂದು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆ. ತಗಡಿನ ಸೂರು, ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ. ಅಮ್ಮ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವ್ವ ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬರುವಾಗ ಎತ್ತಿನ ಗಾಡಿಯ ತುಂಬ ತನ್ನ ರಾಗಿ ಬೀಸುವ ಕಲ್ಲು, ಒರಳು, ಒನಕೆ, ಮೊರ ಹೇರಿಕೊಂಡು ಬಂದಿದ್ದಳಂತೆ. ಅರ್ಧ ಕೋಣೆ ಅವಕ್ಕೇ ಹೋಗಿತ್ತು, ಉಳಿದರ್ಧದಲ್ಲಿ ನಾವು ಮಲಗುತ್ತಿದ್ದೆವು. ಬೆಳಗಿನ ಪಾಳಿಯ ಸೈರನ್ ಕೂಗುವ ಮುಂಚೆಯೇ ಅವಳು ಬೀಸಲು ಕೂರುತ್ತಿದ್ದಳು. ಕಲ್ಲು ಗರಗರ ತಿರುಗಿದರೆ ತಟ್ಟಿಗೋಡೆ ನಡುಗಿ, ಗೋಡೆಗೆ ಸಿಕ್ಕಿಸಿದ ತಟ್ಟೆಗಳು ಸಣ್ಣಗೆ ತಾಳ ಹಾಕುತ್ತಿದ್ದವು. ಪಕ್ಕದ ಮನೆಯ ಹೆಂಗಸು ಗೋಡೆ ಬಡಿದು ತಮಿಳಿನಲ್ಲಿ ಬೈಯುತ್ತಿದ್ದಳು, ಅವ್ವ ಕನ್ನಡದಲ್ಲಿ ಬೈಯುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಜಗಳಕ್ಕೆ ಅವರವರ ಭಾಷೆಯೇ ರುಚಿ. ಮಧ್ಯಾಹ್ನ ಅದೇ ಹೆಂಗಸು ರಾಗಿ ತಂದು ಅವ್ವನ ಎದುರು ಕೂತು ಬೀಸಿಕೊಂಡು ಹೋಗುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರುತ್ತಾಳೆ. ಇದ್ದಾಗ ಕಿವಿ ಮುಚ್ಚಿಕೊಂಡಿರುತ್ತೀರಿ.

ಕಾಲೇಜಿನಲ್ಲಿ ವರ್ಷಕ್ಕೊಂದು ಎಕ್ಸಿಬಿಷನ್ ಆಗುತ್ತಿತ್ತು. ಗಾಜಿನ ತೊಟ್ಟಿಯಲ್ಲಿ ನೀರು ತುಂಬಿಸಿ ಬೇತಮಂಗಲದ ಕೆರೆ ಮಾಡುತ್ತಿದ್ದರು, ದಾರದಲ್ಲಿ ಇಳಿಯುವ ಪುಟ್ಟ ಗಣಿ ಮಾಡುತ್ತಿದ್ದರು. ಆ ವರ್ಷ ಹಾಸ್ಟೆಲ್ಲಿನ ಕೆಲವು ಹುಡುಗರು ಹಳ್ಳಿಮನೆ ಮಾಡುತ್ತೇವೆ ಎಂದರು. ಅವರ ಲೀಡರ್ ಹುಡುಗ ಅಮ್ಮನ ಕೈಯ ಸಾರಿಗೆ ಸೋತವನು. ಚಿತ್ರ ಅಂಟಿಸಲು ಅಮ್ಮನಿಂದ ಬಕೆಟ್ಟುಗಟ್ಟಲೆ ಅಂಟು ಕುದಿಸಿಕೊಂಡ, ಹಾಗೆಯೇ ಅವ್ವನ ಸಾಮಾನನ್ನೂ ಕೇಳಿದ. ಅಮ್ಮ ಅತ್ತೆಯನ್ನು ಕೇಳದೆ ಹೂಂ ಎಂದುಬಿಟ್ಟಳು. ಹುಡುಗರು ಕೈಗಾಡಿ ತಂದು ಕಲ್ಲನ್ನು ಏರಿಸಿದಾಗ ಅವ್ವ ಜಗಳವಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಗಾಡಿಯ ಹಿಂದೆ ಹೊರಟಳು, ಅವಳ ಹಿಂದೆ ನಾನು. ಅವ್ವ ಕಂಡಿದ್ದು ಸಂತೆ ಮಾತ್ರ. ಸಾಮಾನನ್ನು ಜೋಡಿಸಿಟ್ಟು ಜನರನ್ನು ಕರೆದರೆ ಅದು ಮಾರುವುದಕ್ಕೆ ಎಂದೇ ಅವಳು ತಿಳಿದಿದ್ದಳು. ಹುಡುಗರು ಮಣ್ಣಿನ ಗೋಡೆ ಎಬ್ಬಿಸಿ, ಸೆಗಣಿ ಸಾರಿಸಿ, ಕಲ್ಲಿನ ಮುಂದೆ ಕೂರಿಸಲು ಹೆಂಗಸಿನ ಬೊಂಬೆಯೊಂದನ್ನು ಮಾಡಿಟ್ಟಿದ್ದರು. ಅವ್ವ ಆ ಬೊಂಬೆಯನ್ನು ಆಚೆ ತಳ್ಳಿ, ಕಾಲು ಚಾಚಿ ತಾನೇ ಕೂತಳು.

"ಏಳವ್ವ, ಜನ ಬರೋ ಒತ್ತಾಯ್ತು," ಎಂದು ಲೀಡರ್ ಬೇಡಿಕೊಂಡ.

"ಬರ್ಲಿ ಬುಡು. ಯಾವನು ನನ್ ಕಲ್ ಎತ್ಕಂಡ್ ಓಗ್ತಾನೋ ನಾನೂ ನೋಡ್ತೀನಿ."

ಜನ ಬಂದರು. ಅವ್ವ ಅಲುಗಲಿಲ್ಲ, ಕಾವಲು ಕೂತವರು ಅಲುಗುತ್ತಾರೆಯೇ? ರೇಷ್ಮೆ ಸೀರೆ ಉಟ್ಟ, ಯಾರೋ ದೊಡ್ಡ ಮನುಷ್ಯರ ಹೆಂಡತಿ ಬಂದು, ಬೊಂಬೆಯನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ, ಕೆನ್ನೆಯ ಸಿಡುಬಿನ ಕಲೆ ಕೂಡ ಬಿಟ್ಟಿಲ್ಲ ಎಂದು ಹೊಗಳುತ್ತ ಬಗ್ಗಿ ಮುಟ್ಟಲು ಕೈ ಚಾಚಿದಳು. "ಮಾರಾಕಲ್ಲ," ಎಂದಿತು ಬೊಂಬೆ. ಆಯಮ್ಮ ಕಿರುಚಿ ಹಿಂದಕ್ಕೆ ಹಾರಿ ಬೇತಮಂಗಲದ ಕೆರೆಯ ಮೇಲೆ ಬಿದ್ದಳು. ಕೆರೆ ಒಡೆದು ನೀರು ಪಕ್ಕದ ಮೇಜಿನ ಗಣಿಯೊಳಗೆಲ್ಲ ನುಗ್ಗಿತು. ಆಮೇಲೆ ಕೇಳಬೇಕೇ, ಮಾತಾಡುವ ಬೊಂಬೆ ನೋಡಲು ಇಡೀ ಊರಿಗಾಂ ಅಲ್ಲಿ ನೆರೆಯಿತು. ಯಾರೂ ಕಲ್ಲಿಗೆ ರೇಟು ಕೇಳದ್ದನ್ನು ಕಂಡು ಅವ್ವನಿಗೂ ಧೈರ್ಯ ಬಂತು. ಸುಮ್ಮನೆ ಏಕೆ ಕೂರಲಿ ಎಂದು ರಾಗಿ ಬೀಸತೊಡಗಿದಳು, ಬಂದ ಕಾಲೇಜು ಹುಡುಗಿಯರ ಕೈಗೆ ಗೂಟ ಕೊಟ್ಟು ತಿರುಗಿಸಿ ಎಂದಳು, ತಿರುಗಿಸಲಾಗದವರಿಗೆ ಅವರ ಮುಂದಿನ ಅತ್ತೆಯಂದಿರ ಪರವಾಗಿ ಅಲ್ಲೇ ಬೈದಳು. ಮೊದಲನೇ ಬಹುಮಾನ ಹಳ್ಳಿಮನೆಗೇ ಬಂತು. ಕೆರೆ ಮಾಡಿದ್ದ ಹುಡುಗರು ಮಾತ್ರ ಬಹಳ ದಿನ ಅಮ್ಮನ ಹತ್ತಿರ ಮುಖ ಊದಿಸಿಕೊಂಡು ಊಟ ಮಾಡಿದರು.

ಸಂಜೆ ಸ್ಟುಡಿಯೋದಿಂದ ಒಬ್ಬ ಫೋಟೋ ತೆಗೆಯಲು ಬಂದ. ನಾನು ಇನ್ನೊಂದು ಮೇಜಿನ ಹತ್ತಿರ ಮೊಳೆಗಳನ್ನು ಎಳೆಯುವ ಅಯಸ್ಕಾಂತ ನೋಡುತ್ತ ನಿಂತಿದ್ದೆ. "ಪಾಟಿ, ಕೊಂಚಂ ಸಿರಿ," ಎಂದು ಅವನು ತಮಿಳಿನಲ್ಲಿ ಅವ್ವನಿಗೆ ನಗಲು ಹೇಳಿದ್ದು ಕೇಳಿಸಿತು. ಬಲ್ಬು ಫಟ್ಟೆಂದು ಬೆಳಗಿತು. ನಾನು ತಿರುಗುವಷ್ಟರಲ್ಲಿ ಅವ್ವ ಅವನ ಜನ್ಮ ಜಾಲಾಡುತ್ತಿದ್ದಳು.

"ನಾನಿನ್ನೂ ಸತ್ತಿಲ್ಲ ಕಣ್ಲಾ. ಸತ್ ಮ್ಯಾಕೂ ನೀನ್ ಬರ್ಬ್ಯಾಡ."

ಫೋಟೋ ತೆಗೆದಿದ್ದಂತೂ ನಿಜ. ಅದು ಏನಾಯಿತು ಎಂದು ಕೇಳುವ ಧೈರ್ಯ ಅವ್ವ ಇರುವ ತನಕ ನಮಗ್ಯಾರಿಗೂ ಬರಲಿಲ್ಲ. ಅವಳು ಹೋದ ಮೇಲೆ ಮದುವೆ, ಮಕ್ಕಳು, ಅದು ಇದು. ಗಣಿ ಮುಚ್ಚಿತು, ಲೈನ್ ಖಾಲಿಯಾಯಿತು, ಅಪ್ಪ ಅಮ್ಮ ಬಂಗಾರಪೇಟೆಗೆ ನನ್ನ ಹತ್ತಿರವೇ ಬಂದರು. ಕಲ್ಲು ಹೇರುವುದಿಲ್ಲ ಎಂದು ಲಾರಿಯವನು ಹಟ ಹಿಡಿದ. ಕಲ್ಲು ಅಲ್ಲೇ ಉಳಿಯಿತು. ಈಗ ಅಲ್ಲಿ ಮನೆಯೂ ಇಲ್ಲ, ಬರೀ ಜಾಲಿ ಬೆಳೆದಿದೆ. ಕಾಲೇಜಿಗೆ ಹೋದ ದಿನ ಆ ಕಡೆ ನೋಡೋಣವೇ ಎಂದು ಪವಿತ್ರ ಕೇಳಿದಳು. ಜಾಲಿ ಬಂಗಾರಪೇಟೆಯಲ್ಲೂ ಇದೆ, ನಡಿ ಎಂದೆ.

ಆಲ್ಬಮ್ಮಿನ ಹಾಳೆ ತಿರುವುತ್ತಿದ್ದ ಮೇಡಂ ಒಳ್ಳೆಯ ಹೆಂಗಸು, ಕುರ್ಚಿ ಹಾಕಿಸಿ ಟೀ ಕೊಡಿಸಿದರು. ಅಗಲ ಪ್ಯಾಂಟಿನ ಹುಡುಗರು, ಓಟದ ಪಂದ್ಯ, ಮರದ ಕೆಳಗೆ ಪುಸ್ತಕ ಹಿಡಿದು ಓದಿದಂತೆ ನಟಿಸುವವರು, ಹಾಸ್ಟೆಲ್ಲಿನ ಪಂಕ್ತಿ. ಪಂಕ್ತಿಯ ಕೊನೆಯಲ್ಲಿ ಸೌಟು ಹಿಡಿದ ಅಮ್ಮನ ಮೊಣಕೈ ಕಂಡಿತು. ಸುಟ್ಟ ಗಾಯದ ಗುರುತು ಇತ್ತು, ಅಮ್ಮನೇ. ಆಮೇಲೆ ಎಕ್ಸಿಬಿಷನ್ನಿನ ಹಾಳೆ ಬಂತು. ಮಣ್ಣಿನ ಗೋಡೆ, ಕಲ್ಲು, ಒರಳು. ಚಾಚಿದ ಎರಡು ಕಾಲು, ಹಿಮ್ಮಡಿಯ ಬಿರುಕು ಕೂಡ ಸ್ಪಷ್ಟವಾಗಿತ್ತು. ಮುಖದ ಜಾಗದಲ್ಲಿ ಮೊರ. ಎರಡೂ ಕೈಯಲ್ಲಿ ಭದ್ರವಾಗಿ ಅಡ್ಡ ಹಿಡಿದುಬಿಟ್ಟಿದ್ದಾಳೆ ಮುದುಕಿ.

ಮುಖವೇ ಕಾಣುವುದಿಲ್ಲವಲ್ಲ, ನಿಮ್ಮವರೇ ಎಂದು ಹೇಗೆ ಹೇಳುತ್ತೀರಿ ಎಂದು ಮೇಡಂ ಕೇಳಿದರು. ಫೋಟೋದವನಿಗೆ ಮೊರ ಅಡ್ಡ ಹಿಡಿಯುವ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ ಎಂದೆ. ಅವರು ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಮಾತ್ರ ಆ ನಗು ಉಳಿಯಲಿಲ್ಲ. ಆ ಮುಖ ಇನ್ನು ನನ್ನ ಜೊತೆಗೇ ಮಣ್ಣಿಗೆ ಹೋಗುವುದು ಎಂದು ಗಟ್ಟಿಯಾಯಿತಲ್ಲ.

ಪವಿತ್ರ ಬಿಡುವ ಹುಡುಗಿಯಲ್ಲ. ಈಗ ಫೋನಿನಲ್ಲೇ ಮೊರ ತೆಗೆದು ಮುಖ ಬರಿಸಬಹುದು, ನೀನು ಹೇಗಿತ್ತೆಂದು ಹೇಳು ಸಾಕು ಎಂದಳು. ಮನೆಯಲ್ಲಿ ಕೂತು ಏನೇನೋ ಒತ್ತಿದಳು. ಒಬ್ಬ ಹೆಂಗಸು ಬಂದಳು, ಬೆಳ್ಳಗೆ, ಪೌಡರ್ ಹಾಕಿದಂತೆ, ಬಾಯಿ ತುಂಬ ಹಲ್ಲು ಬಿಟ್ಟುಕೊಂಡು.

"ಯಾರೇ ಈಯಮ್ಮ? ಯಾವೂರೋಳು?"

"ನಿಮ್ಮವ್ವನೇ ಅಜ್ಜಿ."

"ನಮ್ಮವ್ವನ್ಗೆ ಇಷ್ಟು ಹಲ್ಲಿದ್ದಿದ್ರೆ ಆ ಪೋಟೋದೋನ್ನ ಕಚ್ಚೇ ಸಾಯ್ಸ್ತಿದ್ಳು."

ಮೂಗು ಇನ್ನೂ ಅಗಲ ಎಂದೆ, ಬೇರೊಬ್ಬಳು ಬಂದಳು. ಕಿವಿ ಜೋತುಬಿದ್ದಿತ್ತು ಎಂದೆ, ಇನ್ನೊಬ್ಬಳು. ಸಿಡುಬಿನ ಕಲೆ ಎಂದೆ, ಯಾವುದೋ ಸೀರಿಯಲ್ಲಿನ ಕೆಟ್ಟ ಅತ್ತೆ ಬಂದು ಕೂತಳು. ಎಲ್ಲರೂ ನಕ್ಕು ಸಾಕಾದರು. ನನಗೆ ಮಾತ್ರ ಒಂದು ಭಯ ಶುರುವಾಯಿತು. ಕಣ್ಣು ಮುಚ್ಚಿ ಅವ್ವನನ್ನು ನೆನೆದರೆ ಆ ಫೋನಿನ ಹೆಂಗಸರೇ ಒಬ್ಬೊಬ್ಬರಾಗಿ ಅಡ್ಡ ಬರುತ್ತಿದ್ದರು. ಅವ್ವ ಅವರ ಹಿಂದೆ ಎಲ್ಲೋ ಮಸುಕಾಗುತ್ತಿದ್ದಳು.

"ಸಾಕು, ಆರ್ಸು ಅದನ್ನ. ಇರೋ ಮುಖಾನೂ ಓಗ್ತದೆ," ಎಂದೆ. ಹುಡುಗಿ ನನ್ನ ಮುಖ ನೋಡಿ ಎಲ್ಲವನ್ನೂ ಅಳಿಸಿದಳು. ಅವ್ವ ನನ್ನ ಕಣ್ಣಿಗೆ ವಾಪಸ್ಸು ಬರಲು ಕೆಲವು ದಿನ ಹಿಡಿಯಿತು.

ಮೊನ್ನೆ ಅಮಾವಾಸ್ಯೆಗೆ, ಕಾಲೇಜಿನವರು ಕೊಟ್ಟ ಪ್ರತಿಗೆ ಕಟ್ಟು ಹಾಕಿಸಿ, ಚೊಂಬನ್ನು ಎತ್ತಿಟ್ಟು ಆ ಜಾಗದಲ್ಲಿ ಇಟ್ಟೆವು. ಮುಖವಿಲ್ಲದ ಫೋಟೋಗೆ ಕುಂಕುಮ ಎಲ್ಲಿ ಇಡುವುದು ಎಂದು ನನ್ನ ಮಗಳು ಯೋಚಿಸುತ್ತ ನಿಂತಳು. ಮೊರಕ್ಕೇ ಇಡು ಎಂದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಎಲೆ ಅಡಿಕೆ ಹೊಗೆಸೊಪ್ಪು. ಕರ್ಪೂರ ಬೆಳಗಿ ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಂಡೆವು. ಹಿರಿಯರು ಬಂದು ಉಂಡು ಹೋಗುವ ತನಕ ಒಳಗೆ ಯಾರೂ ಇರಬಾರದು. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ ಪವಿತ್ರ ಮೆಲ್ಲಗೆ ಕೇಳಿದಳು.

"ಅಜ್ಜಿ, ಆ ಮೊರ ಇಡ್ಕೊಂಡು ಆಯಮ್ಮ ಎಂಗೆ ಉಣ್ತದೆ?"

"ಯಾರೂ ನೋಡ್ದಿದ್ರೆ ಕೆಳಕ್ಕಿಡ್ತಾಳೆ. ಬಾಗ್ಲು ಆಕಿರೋದು ಅದಕ್ಕೇ."

ಸ್ವಲ್ಪ ಹೊತ್ತಿಗೆ ಮಗಳು, ಸಾರು ಆರಿಹೋಗುತ್ತದೆ, ಬಾಗಿಲು ತೆಗೆಯೋಣ ಎಂದು ಎದ್ದಳು. ಇನ್ನೂ ಒಂದು ಗಳಿಗೆ ಇರಲಿ, ಕೂತುಕೋ ಎಂದೆ. ಅವ್ವ ಉಣ್ಣುವುದು ನಿಧಾನ.