ಜೈಲಿನ ಬಾಗಿಲಲ್ಲಿ ಒಡಪು

ನನ್ನ ಗಂಡನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅವರು ತೀರಿಕೊಂಡು ಬಹಳ ವರ್ಷಗಳಾದವು, ಈಗ ಕಡಿಮೆಯಾಗುವುದಕ್ಕೆ ಏನೂ ಉಳಿದಿಲ್ಲ. ಆದರೂ ಬರೆಯುವುದಿಲ್ಲ. ಜನ್ಮವಿಡೀ ಬಾಯಿಗೆ ಬಾರದ್ದು ಕೈಗೆ ಎಲ್ಲಿಂದ ಬರಬೇಕು?

ಅವರು ಕಂಪ್ಲಿಯಲ್ಲಿ ಹರಿಗೋಲು ನಡೆಸುತ್ತಿದ್ದರು. ಹೊಳೆಯ ಈ ದಂಡೆಗೆ ಮದರಾಸಿನ ಸರ್ಕಾರ, ಆ ದಂಡೆಗೆ ನಿಜಾಮರ ಸರ್ಕಾರ. ನಡುವಿನ ನೀರು ಯಾರದೆಂದು ಯಾರೂ ಕೇಳಿರಲಿಲ್ಲ. ಲಡಾಯಿ ಶುರುವಾದ ಮೇಲೆ ಅಕ್ಕಿಯನ್ನು ಹೊಳೆ ದಾಟಿಸಬಾರದೆಂದು ಹುಕುಂ ಬಂತು. ನನ್ನ ನಾದಿನಿಯನ್ನು ಕೊಟ್ಟದ್ದು ಆ ದಂಡೆಗೆ. ಅವಳ ಮಗಳ ಮದುವೆ. ತವರಿನ ಅಕ್ಕಿ ಇಲ್ಲದೆ ಅಕ್ಷತೆ ಬೀಳುವುದು ಹೇಗೆ? ನಮ್ಮನೆಯವರು ಹಾಡುಹಗಲೇ ಎರಡು ಚೀಲ ಅಕ್ಕಿಯನ್ನು ಹರಿಗೋಲಿಗೆ ಹಾಕಿ, ಅದರ ಮೇಲೆ ತಾವೇ ಕುಳಿತು ಹುಟ್ಟು ಹಾಕಿದರು. ಅದನ್ನು ಅವರು ಕಳ್ಳತನ ಅಂದುಕೊಂಡಿರಲಿಲ್ಲ, ಆದ್ದರಿಂದ ಪೊಲೀಸರಿಗೆ ಹಿಡಿಯುವುದು ಕಷ್ಟವಾಗಲಿಲ್ಲ. ಅಕ್ಕಿಯನ್ನೂ ಅವರನ್ನೂ ಹೊಸಪೇಟೆಗೆ ಒಯ್ದರು. ಹರಿಗೋಲನ್ನು ಹೊರುವವರು ಯಾರೂ ಸಿಗದೆ ಅಲ್ಲೇ ಬಿಟ್ಟುಹೋದರು.

ಶಿಕ್ಷೆಯಾಯಿತು. ಬಳ್ಳಾರಿಯ ದೊಡ್ಡ ಜೈಲಿಗೆ ಕಳಿಸುವಷ್ಟು ದೊಡ್ಡ ಕಳ್ಳರಲ್ಲವೆಂದು ಹೊಸಪೇಟೆಯ ಕಚೇರಿ ಹಿಂದಿನ ಸಣ್ಣ ಜೈಲಿನಲ್ಲೇ ಇಟ್ಟರು. ಅದು ನನಗೆ ಸಮಾಧಾನ, ಅತ್ತೆಗೆ ಅವಮಾನ. ಹೋಗುವುದಾದರೆ ಬಳ್ಳಾರಿಗೇ ಹೋಗಬೇಕಿತ್ತು ಎನ್ನುವ ಧಾಟಿಯಲ್ಲಿ ಎರಡು ದಿನ ಮಾತಾಡಿದರು. ಮೂರನೆಯ ದಿನ ಹಿಟ್ಟು ನಾದುತ್ತಾ ನಿಜವಾದ ಮಾತು ಆಡಿದರು.

"ನಮ್ಮಣ್ಣನೂ ಹಿಂಗ ಒಳಗ ಹೋಗಿದ್ದ. ಬಿಟ್ಟ ಮ್ಯಾಲ ಮನೀಗೆ ಬರಲಿಲ್ಲ. ಮಕ ತೋರ್ಸಾಕ ನಾಚಿ ಹೊಳಿ ದಾಟಿ ಹೋದ. ಅವನ ಹೆಣ್ತಿ ಸಾಯೋತನಕ ಕೈಯಾಗ ಬಳಿ ಇಟ್ಕಂಡಿದ್ಲು, ಯಾರಿಗೆ ಅಂತ ಅಕಿಗೂ ಗೊತ್ತಿರಲಿಲ್ಲ. ನನ್ನ ಮಗನ ರಗತಾನೂ ಅದಾ."

ನನಗೆ ಆಗ ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಆ ಮಾತು ಕೇಳಿದ್ದೇ ರೊಟ್ಟಿ ಬಡಿದು ಬುತ್ತಿ ಕಟ್ಟಿದೆ. ಜತೆಗೆ ಬರುತ್ತೀರಾ ಎಂದು ಅತ್ತೆಯನ್ನು ಕೇಳಿದೆ. "ಮಗನ ಹೆಸರು ಎಲ್ಲಿ ಬೇಕಾದ್ರೂ ಹೇಳ್ತೀನಿ, ಜೈಲಿನ ಬಾಗಲದಾಗ ಹೇಳಂಗಿಲ್ಲ" ಎಂದರು. ಹೆಸರು ಹೇಳುವ ಪ್ರಸಂಗ ಬರುತ್ತದೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಕಂಪ್ಲಿಯಿಂದ ಹೊಸಪೇಟೆ ಸಂತೆಗೆ ಬೆಲ್ಲದ ಗಾಡಿಗಳು ಹೋಗುತ್ತಿದ್ದವು. ಪರಿಚಯದವರ ಗಾಡಿಯಲ್ಲಿ ಬೆಲ್ಲದ ಪೆಂಟೆಗಳ ಮೇಲೆ ಕುಳಿತು ಬುಕ್ಕಸಾಗರ, ಕಮಲಾಪುರ ದಾಟಿ ಹೋದೆ. ದಾರಿಯಲ್ಲಿ ಹಂಪಿಯ ದಿಕ್ಕಿಗೆ ತಿರುಗಿ ವಿರೂಪಾಕ್ಷನಿಗೆ ಕೈ ಮುಗಿದೆ. ಅವನು ಕೈಹಿಡಿದ ಪಂಪೆಯೂ ನಮ್ಮ ಹೊಳೆಯೇ. ಹೊಳೆದಂಡೆಯ ಹೆಂಗಸರ ಕಷ್ಟ ಅವನಿಗೆ ಮನೆಯಲ್ಲೇ ಗೊತ್ತಾಗಿರಬೇಕು ಎಂಬ ಲೆಕ್ಕ.

ಜೈಲಿನ ಬಾಗಿಲಲ್ಲಿ ಒಬ್ಬ ರೈಟರ್ ಕುಳಿತಿದ್ದ. ಆದೋನಿ ಕಡೆಯವನು, ಗಂಟುಮುಖದ ತೆಲುಗಿನವನು. ಕನ್ನಡ ಚೆನ್ನಾಗಿ ಆಡುತ್ತಿದ್ದ, ನಗುವುದು ಮಾತ್ರ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

"ಯಾರನ್ನ ನೋಡಬೇಕಮ್ಮಾ?"

"ನಮ್ಮನಿಯೋರನ್ನ."

"ಹೆಸರು?"

ನಾನು ಸೆರಗು ಎಳೆದುಕೊಂಡೆ.

"ಇಲ್ಲಿರೋರೆಲ್ಲ ಯಾರಾದ್ರೊಬ್ಬರ ಮನಿಯೋರೇ. ಹೆಸರು ಹೇಳು."

"ಕಂಪ್ಲಿಯೋರು. ಅಕ್ಕಿ ಕೇಸಿನೋರು ರೀ."

"ಅಕ್ಕಿ ಅಂತ ಕರದ್ರ ಯಾರು ಬರ್ತಾರಮ್ಮಾ? ನೀನು ಹೇಳಿದ ಹೆಸರು ನಾನು ಕೂಗಬೇಕು, ಅವನು ಓ ಅನ್ನಬೇಕು. ಕಾಯ್ದೆ."

ಪಕ್ಕದಲ್ಲಿ ಎಲೆಅಡಿಕೆ ಮಾರುವ ಮುದುಕಿಯೊಬ್ಬಳಿದ್ದಳು. ನನ್ನ ಅವಸ್ಥೆ ನೋಡಿ ನೋಡಿ ಅವಳಿಗೇ ಸಾಕಾಯಿತು. "ಲೇ ತಂಗಿ, ಮದಿವ್ಯಾಗ ಹೇಳಿದ್ದಿಲ್ಲೇನು? ಒಡಪು ಹಾಕಿ ಹೇಳು. ಒಡಪಿನಾಗ ಹೇಳಿದ್ರ ದೋಷ ಇಲ್ಲ" ಎಂದಳು.

ನಿಜ. ಮದುವೆಯ ದಿನ ಹೊಸ್ತಿಲಲ್ಲಿ ನಾದಿನಿಯರು ಅಡ್ಡಗಟ್ಟಿ, ಗಂಡನ ಹೆಸರು ಹೇಳುವತನಕ ಒಳಗೆ ಬಿಡುವುದಿಲ್ಲ. ಆಗ ಎರಡು ಸಾಲು ಪ್ರಾಸ ಕಟ್ಟಿ, ಕೊನೆಯಲ್ಲಿ ಹೆಸರನ್ನು ಸೇರಿಸಿಬಿಡುತ್ತೇವೆ. ಅದೇ ಒಡಪು. ಮನೆಯೊಳಗೆ ಹೋಗಲು ಹೇಳುವುದನ್ನು ಜೈಲಿನ ಬಾಗಿಲಲ್ಲಿ ಹೇಳಿದ ಹೆಂಗಸು ನನಗಿಂತ ಮೊದಲು ಇದ್ದಳೋ ಇಲ್ಲವೋ ಕಾಣೆ. ಕಣ್ಣು ಮುಚ್ಚಿಕೊಂಡು ಹೇಳಿದೆ:

"ಹೊಳಿಯಾಗ ಹರಗೋಲು, ದಂಡಿ ತುಂಬ ಮರಳು,
ಬುತ್ತಿಗಂಟಿನ ಮ್ಯಾಲ ನನ್ನ ಹತ್ತೂ ಬೆರಳು,
ಉಣ್ಣಾಕ ಕರೀರಿ ……"

ಹೆಸರು ಬಂತು. ಜೈಲಿನ ಗೋಡೆ ಗಿಡ್ಡ. ಒಳಗೆ ಯಾರೋ "ಭಲೇ!" ಎಂದು ಕೂಗಿದರು, ಉಳಿದವರು ಗೊಳ್ಳೆಂದು ನಕ್ಕರು. ರೈಟರ್ ಕೆಮ್ಮಿ ಹೆಸರು ಕೂಗಿದ.

ಅವರು ಕಂಬಿಯ ಹಿಂದೆ ಬಂದು ನಿಂತರು. ತಲೆ ಬೋಳಿಸಿದ್ದರು, ಮೀಸೆ ತೆಗೆದಿದ್ದರು, ಮೊಳಕಾಲಿನ ಮೇಲಿನ ಚಡ್ಡಿ. ಕಂಪ್ಲಿಯ ದಂಡೆಯಲ್ಲಿ ಅಂಥ ಮೀಸೆ ಇನ್ನೊಂದಿರಲಿಲ್ಲ. ಇಬ್ಬರೂ ನೆಲ ನೋಡಿದೆವು. "ಮಂದಿ ಮುಂದ ನಗಿಪಾಟ್ಲು ಮಾಡಿದಿ. ಇನ್ನ ಬರಬ್ಯಾಡ" ಎಂದು ಹೇಳಿ ಒಳಗೆ ಹೋದರು. ಬುತ್ತಿ ನನ್ನ ಕೈಯಲ್ಲೇ ಇತ್ತು. ಗೋಡೆಯ ಬದಿಯ ಬೇವಿನ ಕಟ್ಟೆಯ ಮೇಲೆ ಕುಳಿತು ಕಣ್ಣೀರು ಹಾಕಿದೆ. ಆಮೇಲೆ ಹಸಿವಾಯಿತು. ರೊಟ್ಟಿ ತಿಂದೆ, ಮುದುಕಿಗೂ ಒಂದು ಕೊಟ್ಟೆ. ಉಪ್ಪು ಕಡಿಮೆ ಎಂದಳು.

ಮುಂದಿನ ಸಂತೆಗೂ ಹೋದೆ. ಮನೆಯಲ್ಲಿ ಕುಳಿತರೆ ಅತ್ತೆಯ ಅಣ್ಣನೇ ಕಣ್ಣ ಮುಂದೆ ಬರುತ್ತಿದ್ದ. ನಾನು ಒಡಪು ಹೇಳಿದೆ, ರೈಟರ್ ಕೂಗಿದ, ಒಳಗಿನಿಂದ ಉತ್ತರ ಬರಲಿಲ್ಲ. ಬರದವರನ್ನು ಎಳೆದು ತರುವ ಕಾಯ್ದೆ ಇಲ್ಲವಂತೆ. ಗೋಡೆಯ ಮೇಲಿಂದ ಏನಾದರೂ ಕೂಗಿ ಹೇಳಲೇ ಎಂದರೆ, ಹಾಗೆ ಮಾತಾಡಬಾರದೆಂದೂ ಕಾಯ್ದೆ. ಕಾಗದ ಬರೆಯುವಷ್ಟು ಅಕ್ಷರ ನನಗಿತ್ತು, ಆದರೆ ಓದುವಷ್ಟು ಅವರಿಗಿರಲಿಲ್ಲ. ರೈಟರೇ ಓದಿ ಹೇಳಬೇಕಾಗುತ್ತಿತ್ತು, ಆ ಮುಖದಿಂದ ನನ್ನ ಮಾತು ಕೇಳುವುದು ಯಾರಿಗೆ ಬೇಕು?

ಗಾಡಿಯಲ್ಲಿ ವಾಪಸು ಬರುವಾಗ ಬುದ್ಧಿಗೆ ಹೊಳೆಯಿತು. ಮಾತಾಡಬಾರದು ಎನ್ನುವುದು ಕಾಯ್ದೆ. ಹೆಸರು ಹೇಳಲೇಬೇಕು ಎನ್ನುವುದೂ ಕಾಯ್ದೆ. ಹೆಸರು ಒಡಪಿನ ತುದಿಗೆ ಬರುತ್ತದೆ. ಒಡಪು ಎಷ್ಟು ಉದ್ದ ಇರಬೇಕೆಂದು ಮದರಾಸಿನ ಸರ್ಕಾರ ಎಲ್ಲೂ ಹೇಳಿರಲಿಲ್ಲ.

ಮರುವಾರ ಬಾಗಿಲಲ್ಲಿ ನಿಂತು ಶುರುಮಾಡಿದೆ. ನಾದಿನಿಯ ಮಗಳ ಮದುವೆ ನಿಲ್ಲಲಿಲ್ಲ ಎಂದು ಎರಡು ಸಾಲು. ಗದ್ದೆಯ ಕಾಲುವೆಗೆ ನೀರು ಬಿಟ್ಟರು ಎಂದು ಎರಡು ಸಾಲು. ಆಮೇಲೆ:

"ಎಮ್ಮಿ ಈದೈತಿ ಹೆಣ್ಣಕರ, ಹಾಲು ಗಡಿಗಿ ಭರ್ತಿ,
ಅತ್ತಿ ಮಂಡಿನೋವು ಅರ್ಧ ಹೋಗೈತಿ, ಬಾಯಿ ಐತಿ ಪೂರ್ತಿ…"

ರೈಟರ್ ತಲೆಯೆತ್ತಿದ. "ಏನಮ್ಮಾ ಇದು?"

"ಹೆಸರು ರೀ."

"ಎಲ್ಲಿ ಹೆಸರು?"

"ಇನ್ನಾ ಬಂದಿಲ್ರಿ. ಬರಾಕತ್ತೈತಿ."

ಅವನ ಮನೆಯಲ್ಲೂ ಹೆಂಡತಿ ಇದ್ದಳು, ಅವಳೂ ಅವನ ಹೆಸರು ಹೇಳುವವಳಲ್ಲ. "ಕಾನೀ" ಎಂದ. ಆಗಲಿ ಎಂದರ್ಥ. ಮುಖ ಮಾತ್ರ ಹಾಗೇ ಇತ್ತು.

ಕೈದಿಗಳಿಗೆ ಇದೊಂದು ಹಬ್ಬವಾಯಿತು. ನಾನು ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗೋಡೆಯಾಚೆಯಿಂದ ಇಡೀ ಜೈಲೇ ಅವರ ಹೆಸರನ್ನು ಒಕ್ಕೊರಲಿನಿಂದ ಕೂಗುತ್ತಿತ್ತು. ಎಲ್ಲರಿಗಿಂತ ಜೋರಾದ ದನಿ ಸೊಂಡೂರಿನ ಎತ್ತಿನ ಕಳ್ಳನೊಬ್ಬನದೆಂದು ಆಮೇಲೆ ತಿಳಿಯಿತು. ಹೀಗೆ ನಾನು ಹೆಸರು ಹೇಳುವ ಕೆಲಸವೂ ತಪ್ಪಿತು. ಎಲ್ಲರೂ ಕೂಗಿದರು, ಕೂಗಿಸಿಕೊಂಡವರು ಮಾತ್ರ ಬಾಯಿ ಬಿಡಲಿಲ್ಲ. ಬುತ್ತಿ ಗಂಟು ಬಿಚ್ಚದೆ ಹಿಂದಿರುಗುತ್ತಿತ್ತು. ಬೇವಿನ ಕಟ್ಟೆಯ ಮೇಲೆ ನಾನೂ ಮುದುಕಿಯೂ ತಿನ್ನುತ್ತಿದ್ದೆವು. ಮುದುಕಿ ಸ್ವಲ್ಪ ಮೈಕೈ ತುಂಬಿಕೊಂಡಳು.

ಬಿಡುಗಡೆ ಹತ್ತಿರ ಬರುತ್ತಿತ್ತು. ನನಗೆ ಖುಷಿಯ ಬದಲು ದಿಗಿಲು. ಮೌನವಾಗಿರುವ ಗಂಡಸು ಮನಸ್ಸಿನಲ್ಲಿ ಆಗಲೇ ಹೊಳೆ ದಾಟಿರುತ್ತಾನೆ ಎಂದು ಅತ್ತೆ ದಿನಾ ಹೇಳುತ್ತಿದ್ದರು. ಅಷ್ಟರಲ್ಲಿ, ದಂಡೆಯಿಂದ ಹೊರಿಸಿ ತಂದು ಅಂಗಳದಲ್ಲಿ ಹಾಕಿದ್ದ ಹರಿಗೋಲಿನ ತೊಗಲು ಬಿಸಿಲಿಗೆ ಬಿರಿಯತೊಡಗಿತ್ತು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೋಗಿ ಹೇಳಿದೆ:

"ಅಂಗಳದಾಗ ಹರಗೋಲು, ತೊಗಲು ಬಿರಿತೈತಿ,
ಕೊಳ್ಳಾಕ ಬಂದಾರ, ನನ್ನ ಬಾಯಿ ಹೂಂ ಅಂತೈತಿ,
ಬ್ಯಾಡ ಅನ್ನಾಕ ಮನ್ಯಾಗ ಯಾರದಾರ, ಹೇಳ್ರಿ ……"

ಕೊಳ್ಳಲು ಯಾರೂ ಬಂದಿರಲಿಲ್ಲ. ಒಡಪಿನಲ್ಲಿ ಸುಳ್ಳಿಗೂ ದೋಷವಿಲ್ಲ.

ಈ ಸಲ ಜೈಲು ಹೆಸರು ಕೂಗಲಿಲ್ಲ. ಗೋಡೆಯಾಚೆಯಿಂದ ಒಂದೇ ದನಿ ಬಂತು.

"ಮಾರಬ್ಯಾಡ! ನೆಳ್ಳಿಗೆ ಎಳಿ. ಬೋರಲು ಹಾಕು. ಔಡಲೆಣ್ಣಿ ಹಚ್ಚು, ಕಂಜೂಸಿ ಮಾಡಬ್ಯಾಡ!"

ರೈಟರ್ ಗೋಡೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ಕೊನೆಗೆ ತನ್ನ ಮೂಗಿನ ತುದಿ ನೋಡಿಕೊಂಡ. ಆ ದಿನ ಬುತ್ತಿ ಒಳಗೆ ಹೋಯಿತು. ಬುತ್ತಿ ಕಟ್ಟಿದ್ದ ಬಟ್ಟೆ ಮಾತ್ರ ಹೊರಗೆ ಬಂತು. ಮುದುಕಿಗೆ ಬೇಜಾರಾಯಿತು.

ಅವರ ದನಿ ಕೇಳಿ ಎಷ್ಟು ಸಂತೋಷವಾಯಿತೆಂದರೆ ಕಮಲಾಪುರದವರೆಗೂ ಗಾಡಿಯಲ್ಲಿ ಒಬ್ಬಳೇ ನಗುತ್ತಿದ್ದೆ. ಕಮಲಾಪುರ ದಾಟಿದ ಮೇಲೆ ಇನ್ನೊಂದು ವಿಚಾರ ಬಂತು. ಅವರು ಕೇಳಿದ್ದು ಹರಿಗೋಲನ್ನು, ನನ್ನನ್ನಲ್ಲ. ಹೊಳೆ ದಾಟಿ ಹೋಗುವವನಿಗೆ ಹರಿಗೋಲು ಬೇಕೇ ಬೇಕು. ಆದರೂ ನೆರಳಿಗೆ ಎಳೆದೆ, ಬೋರಲು ಹಾಕಿದೆ, ದಿನಾ ಎಣ್ಣೆ ತಿಕ್ಕಿದೆ. ಅತ್ತೆ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. "ಹಚ್ಚು, ಹಚ್ಚು. ಜಲ್ದಿ ದಾಟ್ತಾನ" ಎಂದರು.

ಕಡೆಯ ಸಂತೆಯ ದಿನ ಕರೆತರಲು ಹೋದೆ. ರೈಟರ್ ನನ್ನನ್ನು ನೋಡಿ ಎದ್ದು ನಿಂತ. ಅವನು ಎದ್ದದ್ದು ಅದೇ ಮೊದಲು.

"ನಿನ್ನೇನ ಬಿಟ್ಟಾರಮ್ಮಾ. ಮನೀಗೆ ಬಂದಿಲ್ಲೇನು?"

"ಇಲ್ರಿ."

"ಹೊಳಿ ಕಡೆ ಹೋಗ್ತೀನಿ ಅಂದ."

ಬಂದ ಗಾಡಿ ಸಂಜೆಗೆ ಹೊರಡುವುದಿತ್ತು. ನಾನು ಕಾಯಲಿಲ್ಲ. ಸ್ವಲ್ಪ ದೂರ ನಡೆದು, ದಾರಿಯಲ್ಲಿ ಸಿಕ್ಕ ಬಾಳೆಗೊನೆಯ ಗಾಡಿ ಹತ್ತಿ ಬಂದೆ. ಅಂದು ವಿರೂಪಾಕ್ಷನಿಗೆ ಕೈ ಮುಗಿಯಲಿಲ್ಲ. ಕಂಪ್ಲಿಯಲ್ಲಿ ಇಳಿದಾಗ ಹೊತ್ತು ಮುಳುಗುವುದರಲ್ಲಿತ್ತು. ಅಂಗಳದಲ್ಲಿ ಹರಿಗೋಲು ಇರಲಿಲ್ಲ. ಅದನ್ನು ಬೋರಲು ಹಾಕಿದ್ದ ಜಾಗದಲ್ಲಿ ಎಣ್ಣೆಯ ದುಂಡು ಗುರುತು ಇತ್ತು. ಅತ್ತೆಯೂ ಮನೆಯಲ್ಲಿರಲಿಲ್ಲ. ದಂಡೆಗೆ ಓಡಿದೆ. ಮಂಡಿನೋವಿನ ಅತ್ತೆ ಮರಳಿನ ಮೇಲೆ ನಿಂತಿದ್ದರು.

"ಮುಂಜಾನಿ ನೀ ಹೋದ ಮ್ಯಾಲ ಬಂದ. ಒಳಗೂ ಬರಲಿಲ್ಲ. ಹರಗೋಲು ಹೊತ್ಕಂಡು ಹೋದ" ಎಂದರು. ಅಣ್ಣನ ಹೆಸರು ಎತ್ತಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ನಾವಿಬ್ಬರೂ ಅಲ್ಲೇ ನಿಂತೆವು. ಕೈಬಳೆಗಳನ್ನು ನಾನು ಸುಮ್ಮನೆ ಮೇಲೆ ಕೆಳಗೆ ಸರಿಸುತ್ತಿದ್ದೆ.

ಆ ದಂಡೆಯ ಬಂಡೆಗಳ ಹಿಂದಿನಿಂದ ಒಂದು ಹರಿಗೋಲು ಹೊರಬಂತು. ತುಂಬ ಜನ ಇದ್ದರು, ಎರಡು ಮೇಕೆ ಇದ್ದವು, ನಾದಿನಿಯ ಹೊಸದಾಗಿ ಮದುವೆಯಾದ ಮಗಳು ಗಂಡನ ಜತೆ ಕುಳಿತಿದ್ದಳು. ಹೊಸ ದಂಪತಿಯನ್ನು ಅಜ್ಜಿಯ ಮನೆಗೆ ಕರೆತರುವವರು ಬೇಕಲ್ಲ. ಹುಟ್ಟು ಹಾಕುತ್ತಿದ್ದವರ ತಲೆ ಇನ್ನೂ ಬೋಳಾಗಿತ್ತು. ಹೊಳೆಯ ನಡುವೆ ಅವರು ಹುಟ್ಟು ನಿಲ್ಲಿಸಿ ಎದ್ದು ನಿಂತರು. ಅವರು ಒಡಪು ಹೇಳಿದ್ದು ಮದುವೆಯಲ್ಲಿ ಒಮ್ಮೆ, ಅದೂ ಯಾರೋ ಕಿವಿಯಲ್ಲಿ ಹೇಳಿಕೊಟ್ಟದ್ದು.

"ಎಣ್ಣಿ ಛಲೋ ಹಚ್ಚೀದಿ, ಹನಿ ನೀರು ಒಳಗ ಬಂದಿಲ್ಲ,
ರೊಟ್ಟಿನೂ ಛಲೋ ಇದ್ವು, ಮೊದಲನೇ ಸಲಾನ ತಿನ್ನಬೇಕಿತ್ತು,
ದಂಡಿಗೆ ಬಂದು ಹಗ್ಗ ಹಿಡಿ ……"

ಕೊನೆಗೆ ನನ್ನ ಹೆಸರು. ಹೊಳೆಯ ಎರಡೂ ಸರ್ಕಾರಗಳಿಗೆ ಕೇಳುವಂತೆ ಕೂಗಿದರು.

"ಹೆಣ್ತಿ ಹೆಸರು ಹಿಂಗ ಒದರ್ತಾರೇನು, ನಾಚಿಕಿಲ್ಲದ್ದು" ಎಂದು ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಪ್ರಾಸ ಕೂಡಿರಲಿಲ್ಲ. ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಹಗ್ಗ ಹಿಡಿದುಕೊಂಡೆ.