ಐವತ್ತೆರಡು ಡಿಗ್ರಿಯ ಗೆರೆ

ಇಂಥ ಕತೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ: ಆಗ ಗಂಟೆ ಎಷ್ಟಾಗಿತ್ತು, ಕರೆಂಟ್ ಇತ್ತಾ, ಊಟ ಆಗಿತ್ತಾ. ಮೂರಕ್ಕೂ ನೆಟ್ಟಗೆ ಉತ್ತರ ಕೊಟ್ಟವರನ್ನು ನಾನು ಕಂಡಿರಲಿಲ್ಲ. ಕತ್ತಲು, ಹಸಿವು, ಅರ್ಧ ನಿದ್ದೆ, ಇಷ್ಟಿದ್ದರೆ ಯಾರಿಗೆ ಏನು ಬೇಕಾದರೂ ಕಾಣಿಸುತ್ತದೆ ಎಂದು ನಗುತ್ತಿದ್ದೆ. ಅದಕ್ಕೇ ನನ್ನ ಉತ್ತರಗಳನ್ನು ಮೊದಲೇ ಕೊಟ್ಟುಬಿಡುತ್ತೇನೆ. ಭಾನುವಾರ ಮಧ್ಯಾಹ್ನ ಎರಡೂವರೆ. ಕರೆಂಟ್ ಇತ್ತು. ಮುದ್ದೆ, ಸೊಪ್ಪಿನ ಸಾರು ಉಂಡು ಕೂತಿದ್ದೆ. ದಿನಚರಿ ಬರೆಯುವ ಚಾಳಿ ಇರುವುದರಿಂದ ಮೂರು ವರ್ಷದ ನಂತರವೂ ಇಷ್ಟು ಖಚಿತವಾಗಿ ಹೇಳಬಲ್ಲೆ. ನಡೆದದ್ದು ಏನು ಎಂಬುದನ್ನು ಮಾತ್ರ ಹೇಳಲಾರೆ.

ನಮ್ಮ ಮನೆ ಕ್ಯಾಲನೂರಿನ ಹತ್ತಿರ. ನಾನು ಕೆಲಸ ಮಾಡುವುದು ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಬ್ಬಿಣದ ಗೇಟು, ಮೆಟ್ಟಿಲು, ಶೆಡ್ಡುಗಳಿಗೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಹಾಕುತ್ತೇನೆ. ಓರೆ ಗೆರೆ ಎಳೆಯದ ದಿನವಿಲ್ಲ. ಅದರಲ್ಲಿ ವಿದ್ಯೆಯೂ ಇಲ್ಲ. ಗೆರೆ ಶುರುವಾಗುವ ಕಡೆ ಕ್ಲಿಕ್ ಮಾಡಿ, ಉದ್ದ ಮತ್ತು ಕೋನ ಟೈಪ್ ಮಾಡಿ, ಎಂಟರ್ ಒತ್ತಬೇಕು. ಪೂರ್ವ ದಿಕ್ಕೆಂದರೆ ಸೊನ್ನೆ. ಅಲ್ಲಿಂದ ಉತ್ತರಕ್ಕೆ ತಿರುಗಿದಷ್ಟೂ ಡಿಗ್ರಿ ಏರುತ್ತದೆ. ನಲವತ್ತೈದು ಎಂದರೆ ನಲವತ್ತೈದಕ್ಕೇ ಗೆರೆ ಬೀಳುತ್ತದೆ. ಕೆಲಸದಲ್ಲಿ ನನಗೆ ಇಷ್ಟವಾದದ್ದೇ ಅದು, ಹೇಳಿದ ಮಾತು ಕೇಳುತ್ತದೆ.

ಆ ತಿಂಗಳು ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತೂ ನಿಂತಿತ್ತು. ಊರಿನ ಡೇರಿಯಲ್ಲಿ ಹಾಲು ಅಳೆಯುತ್ತ ಬೀದಿಯ ಕೊನೆಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಕೋಲಾರದ ಆಸ್ಪತ್ರೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದರು. ಬುಧವಾರ ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದರು. ನಮ್ಮ ಜಗಲಿ ಎರಡು ಅಡಿ ಎತ್ತರ. ವೀಲ್ ಚೇರ್ ಹತ್ತುವುದಿಲ್ಲ. ಚಿಕ್ಕಪ್ಪ, ನಾಲ್ಕು ಜನ ಎತ್ತಿಕೊಂಡರಾಯಿತು ಅಂದರು. ಅಮ್ಮ ಆ ಮಾತಿಗೆ ಒಪ್ಪಲಿಲ್ಲ.

"ನಾಲ್ಕು ಜನ ಹೊತ್ಕೊಂಡು ನಮ್ಮ ಬಾಗ್ಲಲ್ಲಿ ಓಡಾಡೋದು ನಾನು ನೋಡಲ್ಲ ಕಣೇ" ಅಂದಳು. "ಅವರಾಗೇ ಬರ್ಬೇಕು, ಅವರಾಗೇ ಹೋಗ್ಬೇಕು."

ಹಾಗಾಗಿ ಕಬ್ಬಿಣದ ಇಳಿಜಾರು ಮಾಡಿಸುವುದೆಂದು ತೀರ್ಮಾನವಾಯಿತು. ಓನರ್ ಉಳಿದ ತಗಡು ಕೊಡಲು ಒಪ್ಪಿದರು. ಸೋಮವಾರ ಬೆಳಿಗ್ಗೆ ವೆಲ್ಡಿಂಗ್ ಮಾಡುವ ನಾಗರಾಜಣ್ಣನ ಕೈಗೆ ಡ್ರಾಯಿಂಗ್ ಸಿಗಬೇಕು. ಎರಡಡಿ ಎತ್ತರಕ್ಕೆ ಇಪ್ಪತ್ತನಾಲ್ಕು ಅಡಿ ಉದ್ದ ಬೇಕು. ಅಂಗಳ ನೇರಕ್ಕೆ ಅಷ್ಟಿಲ್ಲ. ಓರೆಯಾಗಿ ಇಳಿಸಬೇಕು. ಜಗಲಿಗೆ ಕೂರುವ ಅಂಚನ್ನು ಅದೇ ಕೋನಕ್ಕೆ ಕತ್ತರಿಸುವುದರಿಂದ ಒಮ್ಮೆ ಕತ್ತರಿಸಿದ ಮೇಲೆ ಬದಲಾಯಿಸುವಂತಿಲ್ಲ. ಗೇಟಿನ ದಾರಿಯಲ್ಲಿ ಹಸುಗಳು ನೀರು ಕುಡಿಯುವ ಕಲ್ಲಿನ ತೊಟ್ಟಿ ಇದೆ. ಅಮ್ಮನ ತಾಯಲೂರಿನ ತವರಿನಿಂದ ಬಂದದ್ದು. ಅದನ್ನು ಅಲುಗಿಸಕೂಡದು ಎಂದು ಅಮ್ಮನ ಅಪ್ಪಣೆ. ತೊಟ್ಟಿಯನ್ನು ತಪ್ಪಿಸಿ ಅಳೆದೆ. ನಲವತ್ತೈದು ಡಿಗ್ರಿ ಬಂತು.

ಆ ಭಾನುವಾರ ಅಮ್ಮ ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ನಾನೊಬ್ಬಳೇ. ಲ್ಯಾಪ್‌ಟಾಪ್ ತೆರೆದು ನಲವತ್ತೈದು ಕೊಟ್ಟೆ. ಗೆರೆ ತೊಟ್ಟಿಯ ಮೇಲೆ ಹಾದು ಗೇಟಿಗೆ ಹೋಯಿತು. ಕೋನ ನೋಡಿದರೆ ಐವತ್ತೆರಡು. ನಾನೇ ತಪ್ಪಿದೆ ಎಂದು ಅಳಿಸಿದೆ. ಮತ್ತೆ ಐವತ್ತೆರಡು. ಹತ್ತಿರದ ಬಿಂದುವಿಗೆ ಗೆರೆಯನ್ನು ಎಳೆದುಕೊಳ್ಳುವ ಸೌಕರ್ಯವೊಂದಿದೆ, ಅದನ್ನು ನಿಲ್ಲಿಸಿದೆ. ಡ್ರಾಯಿಂಗಿನಿಂದ ತೊಟ್ಟಿಯನ್ನೇ ತೆಗೆದೆ. ಹೊಸ ಫೈಲು ತೆರೆದೆ. ಮೆಷಿನ್ ಆರಿಸಿ ಹಾಕಿದೆ. ಐವತ್ತೆರಡು.

ಜೊತೆಯಲ್ಲಿ ಕೆಲಸ ಮಾಡುವ ರಾಯಲ್ಪಾಡಿನ ಶ್ರೀನಾಥನಿಗೆ ಫೋನ್ ಮಾಡಿದೆ. ಅವನದು ತೆಲುಗು ಬೆರೆತ ಮಾತು.

"ಏಮಮ್ಮಾ ತಲ್ಲಿ, ಅಪ್ಪನ ಚಿಂತೇಲಿ ಏನೇನೋ ಒತ್ತಿದ್ದೀಯ" ಅಂದ. "ಮುಖ ತೊಳ್ಕೋ ಪೋ, ನಾನು ಎಳೆದು ಕಳಿಸ್ತೀನಿ."

ಅವನ ಮೆಷಿನ್ನಿನಲ್ಲಿ ನಲವತ್ತೈದಕ್ಕೇ ಬಿತ್ತಂತೆ. ಕಳಿಸಿದ. ನಾನು ತೆರೆದಾಗ ಐವತ್ತೆರಡು. ಮುಖವನ್ನಂತೂ ತೊಳೆದುಕೊಂಡೇ ಕೂತಿದ್ದೆ.

ಏಳು ಡಿಗ್ರಿ ಹೆಚ್ಚುತ್ತಿದ್ದರೆ ಏಳು ಕಳೆದು ಕೊಡೋಣ ಎಂದು ಮೂವತ್ತೆಂಟು ಕೊಟ್ಟೆ. ಐವತ್ತೆರಡು. ಸೊನ್ನೆ ಕೊಟ್ಟೆ. ತೊಂಬತ್ತು ಕೊಟ್ಟೆ. ಯಾವುದಕ್ಕೂ ಅದೇ ಗೆರೆ. ಪಕ್ಕದಲ್ಲೇ ಬೇರೊಂದು ಗೆರೆ ಎಳೆದರೆ ಅದು ಹೇಳಿದ ಹಾಗೇ ಬೀಳುತ್ತಿತ್ತು; ಜಗಲಿಯಿಂದ ಹೊರಡುವ ಈ ಒಂದು ಗೆರೆಗೆ ಮಾತ್ರ ಹಟ. ನನಗೆ ಹೆದರಿಕೆಯಾಗಲಿಲ್ಲ, ತಲೆ ಕೆಟ್ಟಿತು. ಅಪ್ಪ ಬರುವ ದಿನ ಹತ್ತಿರವಾಗುತ್ತಿದೆ, ಇದು ಆಟ ಆಡುತ್ತಿದೆ. ಖಾಲಿ ಮನೆಯಲ್ಲಿ ಗಟ್ಟಿಯಾಗಿ, "ಯಾವ ಶನಿ ವಕ್ಕರಿಸ್ಕೊಂಡಿದ್ಯೋ, ಬಿಟ್ಟು ತೊಲಗು" ಎಂದು ಬೈದು, ಆ ಗೆರೆಯನ್ನೇ ಇಟ್ಟು ಡ್ರಾಯಿಂಗ್ ಮುಗಿಸಿ ಕಳಿಸಿಬಿಟ್ಟೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿ ತೊಟ್ಟಿ ತೆಗೆಯಬೇಕಾಗುತ್ತದೆ ಅಂದೆ. ವಾರ್ಡಿನಲ್ಲಿ ನಿಂತೇ ಅವಳು ನನ್ನ ಜೊತೆ ಜಗಳ ಆಡಿದಳು.

ಸೋಮವಾರ ತಗಡು ಕತ್ತರಿಸಿದರು. ಮಂಗಳವಾರ ತೊಟ್ಟಿಯನ್ನು ಗಡಾರಿ ಹಾಕಿ ಹುಣಸೆಮರದ ಕಡೆಗೆ ಉರುಳಿಸಿ, ಇಳಿಜಾರು ಕೂರಿಸಿದೆವು. ಬುಧವಾರ ಅಪ್ಪ ಬಂದರು. ಆಟೋದಿಂದ ಇಳಿಸಿ ಚೇರಿನಲ್ಲಿ ಕೂರಿಸಿದೆವು. ಎದುರಿಗೆ ಗೇಟಿನಿಂದ ಜಗಲಿಯವರೆಗೆ ನೇರ ದಾರಿ. ಒಂದೇ ಕೈ ಆಡುವವರಿಗೆ ಚೇರ್ ತಿರುಗಿಸುವುದು ಎಷ್ಟು ಕಷ್ಟವೆಂದು ನನಗೆ ಆಗ ಗೊತ್ತಾಯಿತು. ನನ್ನ ನಲವತ್ತೈದರ ಇಳಿಜಾರಾಗಿದ್ದರೆ ತೊಟ್ಟಿಯನ್ನು ಬಳಸಿಕೊಂಡು ತಿರುಗಬೇಕಿತ್ತು. ಅಪ್ಪ ಇಳಿಜಾರನ್ನು ನೋಡಿದರು. ತೊಟ್ಟಿ ಇದ್ದ ಜಾಗ ನೋಡಿದರು. ಬಾಯಿ ಎರಡು ಮೂರು ಸಲ ಅಲುಗಿತು.

"ಎಷ್ಟ್... ಸಲ... ಹೇಳೋದು" ಅಂದರು. "ಗೇಟಿಗೆ... ಮಾಡು... ಅಂತ."

ಅಮ್ಮ ಹಿಡಿದ ಬ್ಯಾಗನ್ನು ನೆಲಕ್ಕೆ ಬಿಟ್ಟಳು. ಅಪ್ಪ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಬೇಜಾರಿತ್ತು.

"ಶನಿ... ಅಂತಾಳೆ. ಅಪ್ಪನ್ನ."

ಮಾತು ಬಂತು, ಮಾತು ಬಂತು ಎಂದು ಅಮ್ಮ ಅಳತೊಡಗಿದಳು. ಚಿಕ್ಕಪ್ಪ ಬೀದಿಗೆ ಓಡಿ ಪಕ್ಕದ ಮನೆಯವರನ್ನೆಲ್ಲ ಕರೆದರು. ಮಾತು ಬಂದ ಸಂಭ್ರಮದಲ್ಲಿ ಏನು ಮಾತು ಬಂತೆಂದು ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಚೇರಿನ ಹಿಡಿ ಹಿಡಿದು ನಿಂತೇ ಇದ್ದೆ.

ತೊಟ್ಟಿಯ ಜಗಳ ಅವರ ಕಿವಿಗೆ ಬಿದ್ದಿರಬಹುದು, ಒಪ್ಪುತ್ತೇನೆ. ಬೈಗುಳ ಹೇಗೆ ಬಿತ್ತು? ಬೈದದ್ದು ಅಮ್ಮನಿಗೆ ಫೋನ್ ಮಾಡುವ ಮೊದಲು, ಶ್ರೀನಾಥನ ಫೋನ್ ಆಗಲೇ ಇಟ್ಟಾಗಿತ್ತು. ಶ್ರೀನಾಥನನ್ನು ಕೇಳಿದೆ, ಅವನಿಗೆ ಕೇಳಿಸಿಲ್ಲ, ಕೇಳಿಸಿದ್ದರೂ ಅವನು ಅಪ್ಪನ ಮುಖ ನೋಡಿದವನೇ ಅಲ್ಲ. ಆ ಮಧ್ಯಾಹ್ನ ಅಪ್ಪ ಏನು ಮಾಡುತ್ತಿದ್ದರು ಎಂದು ಅಮ್ಮನನ್ನು ಕೇಳಿದೆ. ಇನ್ನೇನು ಮಾಡ್ತಾರೆ, ಊಟ ಮಾಡಿ ಗೊರಕೆ ಹೊಡೀತಿದ್ರು ಅಂದಳು. ಮಾತು ಚೆನ್ನಾಗಿ ಬಂದ ಮೇಲೆ ಅಪ್ಪನನ್ನೇ ಕೇಳಿದೆ. ನೆನಪಿಲ್ಲವಂತೆ. ಮತ್ತೆ ಮತ್ತೆ ಕೇಳಿದರೆ ರೇಗುತ್ತಾರೆ. ಲ್ಯಾಪ್‌ಟಾಪನ್ನು ರಿಪೇರಿಯವನಿಗೆ ತೋರಿಸಿದೆ. ಏನೂ ಆಗಿಲ್ಲ ಎಂದು ವಾಪಸ್ ಕೊಟ್ಟ. ಏನಾದರೂ ಆಗಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಕಳೆದ ತಿಂಗಳು ಬಚ್ಚಲುಮನೆಗೆ ಒಂದು ಓರೆ ಹಿಡಿಕೆ ಬೇಕಾಯಿತು. ಅಪ್ಪ ಎದುರಿಗೇ ಕೂತು ಟೀವಿ ನೋಡುತ್ತಿದ್ದರು. ಡ್ರಾಯಿಂಗಿನಲ್ಲಿ ಬಚ್ಚಲಿನ ಗೋಡೆ ಹಾಕಿಕೊಂಡೆ, ಉದ್ದ ಕೊಟ್ಟೆ, ಮೂವತ್ತು ಟೈಪ್ ಮಾಡಿದೆ. ಎಂಟರ್ ಒತ್ತಲು ಬೆರಳು ಹೋಗಲಿಲ್ಲ.

"ಅಪ್ಪ, ಮೂವತ್ತು ಇರ್ಲಾ?" ಅಂದೆ.

"ನನ್ನೇನ್ ಕೇಳ್ತೀಯ? ಅದೆಲ್ಲ ಓದಿರೋಳು ನೀನು" ಅಂದರು, ಟೀವಿಯಿಂದ ಕಣ್ಣು ತೆಗೆಯದೆ.

ಒತ್ತಿದೆ. ಗೆರೆ ಮೂವತ್ತಕ್ಕೇ ಬಿತ್ತು. ಯಾಕೋ ಅದಕ್ಕೂ ನನಗೆ ಸಿಟ್ಟೇ ಬಂತು.